ಗೋಡೆಯ ಕಡೆ ಮುಖ ಮಾಡಿ ಊಟ

ತೂಕ ಮತ್ತು ಅಳತೆ ಕಚೇರಿಯಲ್ಲಿ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿತ್ತು. ಉಳಿದ ಕಡೆಯೆಲ್ಲ ಅವರು ಗುಲಗಂಜಿ, ಎದುರಿಗಿದ್ದಾಗ ಗುಲಗಂಜಿಯವರು. ಊರಿನ ಅಂಗಡಿಯವರು ವರ್ಷಕ್ಕೊಮ್ಮೆ ತಮ್ಮ ತಕ್ಕಡಿಯನ್ನೂ ತೂಕದ ಬಟ್ಟುಗಳನ್ನೂ ಹೊತ್ತು ತಂದು ಅವರ ಮೇಜಿನ ಮೇಲೆ ಇಡಬೇಕು. ಅವರು ಕಚೇರಿಯ ಹಿತ್ತಾಳೆ ಬಟ್ಟುಗಳ ಜೊತೆ ಹೋಲಿಸಿ ನೋಡಿ, ಸರಿಯಿದ್ದರೆ ತಲೆಯಾಡಿಸಬೇಕು. ಆಮೇಲೆ ಅಟೆಂಡರ್ ಸುತ್ತಿಗೆಯಿಂದ ಒಂದೇ ಏಟು ಹಾಕಿ ಸೀಸದ ಮೇಲೆ ಮುದ್ರೆ ಒತ್ತುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಗುಲಗಂಜಿಯವರು ಒಂದು ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಸ್ವಂತ ಸೋದರಮಾವನ ದಿನಸಿ ಅಂಗಡಿಯ ತಕ್ಕಡಿಯನ್ನೇ ಮೂರು ಸಲ ವಾಪಸು ಕಳಿಸಿದ್ದರು. ಮೂರನೆಯ ಸಲದ ನಂತರ ಮಾವ ಅವರನ್ನು ಮನೆಯ ಯಾವ ಕಾರ್ಯಕ್ಕೂ ಕರೆಯಲಿಲ್ಲ.

ಇಂಥವರ ಜೊತೆ ಸಲಿಗೆ ಬೆಳೆಯುವುದು ಕಷ್ಟ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಅವರಷ್ಟು ಬೇಕಾದವರು ಆ ಕಚೇರಿಯಲ್ಲಿ ಮತ್ತೊಬ್ಬರಿರಲಿಲ್ಲ. ಕಾರಣ, ಅವರ ತಾಯಿ ಕಟ್ಟಿಕೊಡುತ್ತಿದ್ದ ನಾಲ್ಕಂತಸ್ತಿನ ಡಬ್ಬಿ. ಎರಡು ಮೇಜು ಜೋಡಿಸಿ, ಹಳೆಯ ಪತ್ರಿಕೆ ಹಾಸಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಅಲ್ಲಿಯ ರೂಢಿ. ಆ ಡಬ್ಬಿಯ ಮುಚ್ಚಳ ತೆರೆದರೆ ಟೈಪಿಸ್ಟ್ ಮೇಡಂ ತಮ್ಮ ಪಥ್ಯವನ್ನು ನಾಳೆಗೆ ಮುಂದೂಡುತ್ತಿದ್ದರು. ಹೆಡ್‌ಕ್ಲರ್ಕ್ ಸೇವಾ ಹಿರಿತನದ ಆಧಾರದ ಮೇಲೆ ಮೊದಲ ಚಮಚ ತಮ್ಮದೆಂದು ವಾದಿಸುತ್ತಿದ್ದರು. ಕೊನೆಗೆ ಗುಲಗಂಜಿಯವರ ಪಾಲಿಗೆ ಉಳಿಯುತ್ತಿದ್ದುದು ಬರೀ ಅನ್ನ, ಮತ್ತು ಬೇರೆಯವರ ಡಬ್ಬಿಯ ಪಲ್ಯ. ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡುವ ಕೆಲಸವನ್ನು ಡಬ್ಬಿ ನೋಡಿಕೊಳ್ಳುತ್ತಿತ್ತು.

"ಇವತ್ತು ನಿಮ್ಮಮ್ಮ ಏನು ಕಳಿಸಿದಾರ್ರೀ?"

ಇಪ್ಪತ್ತೆರಡು ವರ್ಷ ಅವರನ್ನು ಜನ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಹಾಗೆ ನೋಡಿದರೆ, ಜನ ಅವರನ್ನು ಕೇಳಿದ ಪ್ರಶ್ನೆಯೂ ಇದೊಂದೇ.

ಆ ತಾಯಿ ತೀರಿಕೊಂಡರು. ಮದುವೆಯಾಗದ, ಒಬ್ಬನೇ ಮಗನಾದ ಗುಲಗಂಜಿಯವರು ಹದಿನೈದು ದಿನ ರಜೆ ಮುಗಿಸಿ ಒಂದು ಸೋಮವಾರ ತಾವೇ ಅಡುಗೆ ಮಾಡಿ, ಅದೇ ಡಬ್ಬಿಗೆ ತುಂಬಿಕೊಂಡು ಕೆಲಸಕ್ಕೆ ಬಂದರು.

ಒಂದು ಗಂಟೆಗೆ ಸ್ವಲ್ಪ ಮುಂಚೆ, ಮುನ್ನೆಚ್ಚರಿಕೆಗಾಗಿ, ಅವರು ಡಬ್ಬಿ ತೆರೆದು ನೋಡಿದರು. ಅನ್ನ ಅಡಿಯಲ್ಲಿ ಕಪ್ಪಾಗಿತ್ತು, ನಡುವೆ ಅಂಟಾಗಿತ್ತು, ಮೇಲೆ ಅಕ್ಕಿಯಾಗಿಯೇ ಉಳಿದಿತ್ತು. ಒಂದೇ ಪಾತ್ರೆಯಲ್ಲಿ, ಒಂದೇ ಬೆಂಕಿಯ ಮೇಲೆ ಈ ಮೂರನ್ನೂ ಸಾಧಿಸುವುದು ಸುಲಭವಲ್ಲ. ಪಲ್ಯದ ವಿಷಯ ಬರೆಯದಿರುವುದೇ ಒಳ್ಳೆಯದು. ಅದು ಯಾವ ತರಕಾರಿ ಎಂದು ಅವರಿಗೆ ನೆನಪಿದ್ದುದರಿಂದ ಮಾತ್ರ ಗೊತ್ತಿತ್ತು.

ಆದರೂ ಡಬ್ಬಿ ಎತ್ತಿಕೊಂಡು ಊಟದ ಕೋಣೆಯ ಬಾಗಿಲವರೆಗೆ ಹೋದರು. ಒಳಗೆ ಹೆಡ್‌ಕ್ಲರ್ಕ್ ಹೇಳುತ್ತಿದ್ದರು: "ಏನೇ ಅನ್ನಿ, ಆ ಡಬ್ಬಿಯಂಥ ಡಬ್ಬಿ ಇನ್ನು ಹುಟ್ಟಲ್ಲ. ಆ ಅಮ್ಮನ ಕೈ ರುಚಿ ನೋಡಿದ ನಾಲಗೆ ಇದು." ಟೈಪಿಸ್ಟ್ ಮೇಡಂ ನಿಟ್ಟುಸಿರು ಬಿಟ್ಟರು.

ಗುಲಗಂಜಿಯವರು ಬಂದ ಹೆಜ್ಜೆಯಲ್ಲೇ ತಿರುಗಿದರು.

ಪ್ರಮಾಣ ಕೊಠಡಿ ಎಂದರೆ ಕಚೇರಿಯ ಹಿತ್ತಾಳೆ ಬಟ್ಟುಗಳೂ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯೂ ಇರುವ ಕೋಣೆ. ಗಾಳಿಗೆ ಮುಳ್ಳು ಅಲುಗೀತೆಂದು ಅಲ್ಲಿ ಫ್ಯಾನಿಲ್ಲ, ಕಿಟಕಿ ತೆರೆಯುವಂತಿಲ್ಲ. ಅವರು ಅಲ್ಲಿ ಸ್ಟೂಲಿನ ಮೇಲೆ ಕೂತು, ಯಾರಾದರೂ ಬಂದರೆ ಡಬ್ಬಿ ಕಾಣದಿರಲೆಂದು ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದರು. ಮೂರನೆಯ ತುತ್ತಿಗೆ ಬಾಗಿಲು ತೆರೆಯಿತು. ಹೆಡ್‌ಕ್ಲರ್ಕ್.

"ಏನ್ರೀ, ಇಲ್ಲಿ ಕೂತಿದೀರಿ?"

ಬಾಯಿ ತುಂಬ ಅನ್ನ. ಆ ಅನ್ನವನ್ನು ನುಂಗಲು ಹೊತ್ತು ಬೇಕಿತ್ತು.

"ಗೋಡೆ ನೋಡ್ಕೊಂಡು? ಒಬ್ಬರೇ?"

ಗುಲಗಂಜಿಯವರು ಕಷ್ಟಪಟ್ಟು ನುಂಗಿದರು. ಏನಾದರೂ ಹೇಳಬೇಕಿತ್ತು. "ನಮ್ಮಲ್ಲಿ ಹೀಗೇ" ಎಂದರು.

"ಅಂದ್ರೆ, ತಾಯಿ ಹೋದ ಮೇಲೆ ಮಗ ಹೀಗೆ ಉಣ್ಣಬೇಕು ಅಂತಲಾ?"

ತಲೆಯಾಡಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಪರೀಕ್ಷಿಸದೆ ಅವರು ತಲೆಯಾಡಿಸಿದ್ದು ಅದೇ ಮೊದಲು.

"ಮಾತೂ ಆಡೋ ಹಾಗಿಲ್ವೇನೋ."

ಮಾತಾಡುವುದನ್ನು ತಪ್ಪಿಸಿಕೊಳ್ಳಲು ಅವರು ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡಿದ್ದರು.

"ಎಷ್ಟು ದಿನ ಇದು?"

ಇನ್ನು ಹನ್ನೊಂದು ದಿನ ಎನ್ನಬಹುದಿತ್ತು. ಒಂದು ತಿಂಗಳು ಎನ್ನಬಹುದಿತ್ತು. ಆದರೆ ಆ ತುತ್ತು ಮೇಲ್ಪದರದ್ದು, ಅಕ್ಕಿಯಾಗಿಯೇ ಉಳಿದದ್ದು. ಅವರು ಅಗಿಯುತ್ತಲೇ ಇದ್ದರು. ಕಣ್ಣಲ್ಲಿ ನೀರು ಬಂತು.

ಹೆಡ್‌ಕ್ಲರ್ಕರ ಕಣ್ಣು ಆ ನೀರಿನ ಮೇಲೆ ಬಿತ್ತು. "ಜೀವನ ಪರ್ಯಂತ" ಎಂದು ತಮಗೆ ತಾವೇ ಹೇಳಿಕೊಂಡರು. ಹೊರಗೆ ಹೋಗುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

ಮರುದಿನವೇ ಸುತ್ತೋಲೆ ಬಂತು. ಹೆಡ್‌ಕ್ಲರ್ಕ್ ಬರೆದದ್ದು, ಟೈಪಿಸ್ಟ್ ಮೇಡಂ ಎರಡು ತಪ್ಪು ತಿದ್ದಿ ಟೈಪು ಮಾಡಿದ್ದು: "ಈ ಕಚೇರಿಯ ಪರೀಕ್ಷಕರಲ್ಲೊಬ್ಬರು ತಮ್ಮ ಮನೆತನದ ಪದ್ಧತಿಯಂತೆ ಏಕಾಂತದಲ್ಲಿ ಮೌನವಾಗಿ ಊಟ ಮಾಡುವವರಾದ್ದರಿಂದ, ಮಧ್ಯಾಹ್ನ ಒಂದರಿಂದ ಒಂದೂವರೆ ಗಂಟೆಯವರೆಗೆ ಪ್ರಮಾಣ ಕೊಠಡಿಯ ಆಸುಪಾಸಿನಲ್ಲಿ ಮಾತು, ನಗು, ಸೀನು ಮುಂತಾದವುಗಳನ್ನು ಎಲ್ಲ ಸಿಬ್ಬಂದಿಯೂ ಸಾಧ್ಯವಾದಷ್ಟು ಹತೋಟಿಯಲ್ಲಿಡತಕ್ಕದ್ದು."

ಸೀನನ್ನು ಯಾರು ಹೇಗೆ ಹತೋಟಿಯಲ್ಲಿಟ್ಟರೋ ಗೊತ್ತಿಲ್ಲ. ನಗುವನ್ನಂತೂ ಯಾರೂ ಇಡಲಿಲ್ಲ. ಊಟದ ಕೋಣೆಯನ್ನೇ ಮಹಡಿಗೆ ಸಾಗಿಸಿದರು. ಮೇಜುಗಳು ಮೆಟ್ಟಿಲಲ್ಲಿ ಧಡಧಡ ಸದ್ದು ಮಾಡುತ್ತ ಮೇಲೇರುವುದನ್ನು ಗುಲಗಂಜಿಯವರು ಕೆಳಗೆ ಕೂತು ಕೇಳಿದರು. ಅಟೆಂಡರ್ ತಾವಾಗಿಯೇ ಪ್ರಮಾಣ ಕೊಠಡಿಯ ಹೊರಗೆ ಕಾವಲು ನಿಂತರು. ಬಾಗಿಲು ತಟ್ಟಲು ಬಂದ ಅಂಗಡಿಯವರಿಗೆಲ್ಲ ಬಾಯಿಗೆ ಬೆರಳಿಟ್ಟು ಹೇಳುತ್ತಿದ್ದರು:

"ಈಗಾಗಲ್ಲ. ಒಳಗೆ ಊಟ ನಡೀತಿದೆ."

"ಊಟ ತಾನೇ, ಅದರಲ್ಲೇನು?"

"ನಿಮ್ಮದು ನಮ್ಮದು ಊಟ. ಅದು ಬೇರೆ."

ಒಂದು ಗಂಟೆಗೆ ನೆತ್ತಿಯ ಮೇಲೆ ಕುರ್ಚಿ ಎಳೆದ ಸದ್ದು. ಮುಚ್ಚಳಗಳು ತೆರೆದ ಸದ್ದು. ಆಮೇಲೆ ನಗು. ಮಹಡಿಯ ನೆಲ ಮರದ ಹಲಗೆಯದು. ಮಾತು ತಿಳಿಯುತ್ತಿರಲಿಲ್ಲ, ನಗು ಮಾತ್ರ ಇಳಿದು ಬರುತ್ತಿತ್ತು. ಗುಲಗಂಜಿಯವರು ಗೋಡೆಯನ್ನು ನೋಡುತ್ತ ಅಗಿಯುತ್ತಿದ್ದರು. ಆ ಗೋಡೆಯಲ್ಲಿ ಒಂದು ಮೊಳೆ, ಮೊಳೆಯ ಸುತ್ತ ಹಳೆಯ ಕ್ಯಾಲೆಂಡರಿನ ಗುರುತು, ಅದರ ಕೆಳಗೆ ಒಂದು ಬಿರುಕು ಇತ್ತು. ಒಂದು ತಿಂಗಳಲ್ಲಿ ಅವರಿಗೆ ಆ ಬಿರುಕಿನ ಪ್ರತಿ ತಿರುವೂ ಬಾಯಿಪಾಠವಾಯಿತು.

ಪದ್ಧತಿಯ ಸುದ್ದಿ ಟೈಪಿಸ್ಟ್ ಮೇಡಂ ಮೂಲಕ ಅವರು ರವಿಕೆ ಹೊಲಿಸುವ ಟೈಲರಮ್ಮನಿಗೆ ತಲುಪಿತು. ಟೈಲರಮ್ಮ ಗುಲಗಂಜಿಯವರ ಪಕ್ಕದ ಮನೆ. ತಾಯಿ ಹೋದಾಗಿನಿಂದ ಆಕೆ ಸಂಜೆ ಸಂಜೆ ಒಂದು ಬಟ್ಟಲಲ್ಲಿ ಏನಾದರೂ ಕೊಟ್ಟು, ಬಾಗಿಲಲ್ಲೇ ನಿಂತು ಹತ್ತು ನಿಮಿಷ ಗಿರಾಕಿಗಳನ್ನು ಬೈದು ಹೋಗುತ್ತಿದ್ದರು. ಆ ಬೈಗುಳ ಕೇಳಲು ಗುಲಗಂಜಿಯವರು ಬೇಗ ಬೇಗ ಮನೆಗೆ ಬರುತ್ತಿದ್ದರು. ಒಂದು ಸಂಜೆ ಬಟ್ಟಲು ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಇವರೇ ಖಾಲಿ ಬಟ್ಟಲು ವಾಪಸು ಕೊಡುವ ನೆಪದಲ್ಲಿ ಹೋದರು.

ಟೈಲರಮ್ಮ ಹೊಲಿಗೆ ನಿಲ್ಲಿಸಿ ಎದ್ದು ನಿಂತರು. "ಅಯ್ಯೋ, ನಂಗೇನು ಗೊತ್ತಿತ್ತು ಅಣ್ಣಾ? ದಿನಾ ಬಟ್ಟಲು ತಂದು ತಂದು ನಿಮ್ಮ ನೇಮ ಕೆಡಿಸಿದೆ. ಬಾಗಿಲಲ್ಲಿ ನಿಂತು ಬೇರೆ ವಟವಟ ಅಂದೆ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಹಾಗೇನಿಲ್ಲಮ್ಮ. ರಾತ್ರಿ ಊಟಕ್ಕೆ ಅದು ಅನ್ವಯಿಸಲ್ಲ."

"ನನ್ನ ಮನಸ್ಸಿಗೆ ನೋವಾಗಬಾರದು ಅಂತ ಹೇಳ್ತೀರಿ. ನಂಗೆ ಗೊತ್ತಾಗಲ್ವಾ?" ಆಕೆ ಬಟ್ಟಲನ್ನು ತೆಗೆದುಕೊಂಡು, ಎರಡು ಸಲ ತೊಳೆದು, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟುಬಿಟ್ಟರು. ಅದು ದಿನಬಳಕೆಯ ಪಾತ್ರೆಗಳ ಅರೆಯಲ್ಲ.

ಆ ಸಂಜೆ ಗುಲಗಂಜಿಯವರು ಒಂದು ತೀರ್ಮಾನಕ್ಕೆ ಬಂದರು. ಒಳ್ಳೆಯ ಅಡುಗೆ ಕಲಿಯಬೇಕು. ಮೇಜಿನ ಮೇಲೆ ಇಡಬಹುದಾದ ಡಬ್ಬಿಯೊಂದನ್ನು ತಯಾರು ಮಾಡಬೇಕು. ಅದನ್ನು ಹೊತ್ತು ಮಹಡಿ ಹತ್ತಬೇಕು. ಹತ್ತಿ, ಎಲ್ಲರ ನಡುವೆ ಕೂರಬೇಕು. ಅಷ್ಟೇ.

ಅನ್ನ ಎಂಟು ದಿನದಲ್ಲಿ ಕೈಹತ್ತಿತು. ತೊಂದರೆ ಇದ್ದದ್ದು ಉಪ್ಪಿನದು. ಉಪ್ಪು ಎಷ್ಟು ಹಾಕಬೇಕೆಂದು ತಾಯಿಯನ್ನು ಒಮ್ಮೆ ಕೇಳಿದ್ದಾಗ "ರುಚಿಗೆ ತಕ್ಕಷ್ಟು" ಎಂದಿದ್ದರು. ಇಪ್ಪತ್ತೆರಡು ವರ್ಷ ಬಟ್ಟುಗಳ ಜೊತೆ ಬದುಕಿದ ಮನುಷ್ಯನಿಗೆ ಇದೊಂದು ಅಳತೆಯೇ ಅಲ್ಲ. ಅವರು ಉಪ್ಪಿನ ಡಬ್ಬವನ್ನೇ ಕಚೇರಿಗೆ ತಂದರು. ಬೆಳಿಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಬಂದು, ತಾಯಿ ತೆಗೆಯುತ್ತಿದ್ದಂತೆ ಮೂರು ಬೆರಳಲ್ಲಿ ಒಂದು ಚಿಟಿಕೆ ತೆಗೆದು, ಸೂಕ್ಷ್ಮ ತಕ್ಕಡಿಯಲ್ಲಿಟ್ಟು ತೂಗಿದರು. ಒಂದು ಚಿಟಿಕೆ ಒಂದೂವರೆ ಗ್ರಾಂ. ಇನ್ನೊಂದು ಎರಡೂಕಾಲು. ಮತ್ತೊಂದು ಮುಕ್ಕಾಲು. ನಲವತ್ತು ಚಿಟಿಕೆ ತೂಗಿದರು, ನಲವತ್ತೂ ಬೇರೆ ಬೇರೆ. ಅವರ ಸೇವಾವಧಿಯಲ್ಲಿ ಇಷ್ಟು ಕೆಟ್ಟ ಅಳತೆಯ ಸಾಧನ ಯಾವ ಅಂಗಡಿಯವನೂ ತಂದಿರಲಿಲ್ಲ. ಅದು ಅವರ ಕೈಯಾಗಿತ್ತು.

ನಲವತ್ತೊಂದನೆಯದನ್ನು ತೂಗುವಾಗ ಅಟೆಂಡರ್ ಬಾಗಿಲಲ್ಲಿ ನಿಂತಿದ್ದರು.

"ಉಪ್ಪಾ ಸಾರ್?"

"ಹೂಂ."

"ತೂಗ್ಬೇಕಾ ಸಾರ್?"

"ತೂಗಿದರೆ ಒಳ್ಳೇದು" ಎಂದರು ಗುಲಗಂಜಿಯವರು ಬೇಸರದಿಂದ.

ಹತ್ತೂವರೆಯ ಹೊತ್ತಿಗೆ ಇಡೀ ಕಚೇರಿಗೆ ಗೊತ್ತಾಯಿತು. "ಉಪ್ಪನ್ನೂ ತೂಗಿಯೇ ಉಣ್ಣಬೇಕಂತೆ. ಅದೂ ಬೆಳಿಗ್ಗೆ, ಯಾರೂ ಇಲ್ಲದಾಗ, ಕತ್ತಲ ಕೋಣೆಯಲ್ಲಿ." ಹೆಡ್‌ಕ್ಲರ್ಕ್ ಕಣ್ಣು ಮುಚ್ಚಿ ಕೇಳಿದರು. "ತಾಯಿಯ ಉಪ್ಪಿನ ಋಣ. ಅದನ್ನ ತೂಗಿ ನೋಡ್ಕೋತಾರೆ ದಿನಾ. ಎಂಥ ಅರ್ಥ ಇದೆ ನೋಡಿ ಅದರಲ್ಲಿ." ಈ ಅರ್ಥ ಗುಲಗಂಜಿಯವರಿಗೆ ಸಂಜೆ ಐದರ ಹೊತ್ತಿಗೆ ತಲುಪಿತು. ಅಷ್ಟರಲ್ಲಿ ಅದಕ್ಕೆ ಮುನ್ನೂರು ವರ್ಷ ವಯಸ್ಸಾಗಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಗುರುವಾರ ಎಲ್ಲವೂ ಕೂಡಿಬಂತು. ಅನ್ನ ಬಿಡಿಬಿಡಿಯಾಗಿತ್ತು. ಪಲ್ಯ ನೋಡಿದರೆ ಹುರುಳಿಕಾಯಿ ಎಂದು ಯಾರಾದರೂ ಹೇಳಬಹುದಿತ್ತು. ಒಂದು ಗಂಟೆಗೆ ಗುಲಗಂಜಿಯವರು ಡಬ್ಬಿ ಹಿಡಿದು, ಕಾವಲಿದ್ದ ಅಟೆಂಡರನ್ನು ದಾಟಿ, ಮೆಟ್ಟಿಲು ಹತ್ತಿ, ಮಹಡಿಯ ಬಾಗಿಲು ತಳ್ಳಿದರು.

ನಗು ನಿಂತಿತು. ಒಬ್ಬೊಬ್ಬರಾಗಿ ಎದ್ದು ನಿಂತರು. ಟೈಪಿಸ್ಟ್ ಮೇಡಂ ಎಂಜಲು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡರು. ಮೇಜಿನ ತುದಿಯಲ್ಲಿ ಗುಲಗಂಜಿಯವರ ಹಳೆಯ ಕುರ್ಚಿ ಇತ್ತು. ಯಾರೂ ಕೂರದಿರಲೆಂದು ಅದರ ಎರಡು ಕೈಗಳ ನಡುವೆ ದಾರ ಕಟ್ಟಿದ್ದರು.

"ನಾನೂ ಇವತ್ತು ಇಲ್ಲೇ..." ಎಂದರು ಗುಲಗಂಜಿಯವರು.

ಹೆಡ್‌ಕ್ಲರ್ಕ್ ಎರಡು ಹೆಜ್ಜೆ ಮುಂದೆ ಬಂದರು. "ಬೇಡಿ ಗುಲಗಂಜಿಯವರೇ. ನಮ್ಮ ಮೇಲಿನ ಪ್ರೀತಿಗೆ ನೀವು ಹೀಗೆ ಮಾಡ್ತಿದೀರಿ ಅಂತ ನಮಗೆ ಅರ್ಥ ಆಗುತ್ತೆ. ಆದ್ರೆ ನಮ್ಮಿಂದ ನಿಮ್ಮ ಪದ್ಧತಿ ಮುರೀತು ಅಂತ ಆಗಬಾರದು. ಆ ಪಾಪ ನಮಗೆ ಬೇಡ."

"ಪದ್ಧತಿ ಅಂದ್ರೆ ಅದು ಅಂಥದ್ದೇನಲ್ಲ ಸಾರ್. ಅವತ್ತು ಸುಮ್ಮನೆ ನಾನೇ..."

"ನೋಡಿದ್ರಾ?" ಹೆಡ್‌ಕ್ಲರ್ಕ್ ಎಲ್ಲರ ಕಡೆ ತಿರುಗಿದರು. "ನಿಜವಾಗಿ ಪಾಲಿಸೋರು ಯಾವತ್ತೂ ಹೇಳಿಕೊಳ್ಳಲ್ಲ. ಹೇಳಿಕೊಂಡು ತಿರುಗೋರು ಪಾಲಿಸಲ್ಲ."

"ಇವತ್ತು ಹುರುಳಿಕಾಯಿ ತಂದಿದ್ದೆ" ಎಂದರು ಗುಲಗಂಜಿಯವರು ಸಣ್ಣ ದನಿಯಲ್ಲಿ.

ಟೈಪಿಸ್ಟ್ ಮೇಡಂ ಕಣ್ಣೊರೆಸಿಕೊಂಡರು. ಇಬ್ಬರು ಗುಮಾಸ್ತರು ಗೌರವದಿಂದ, ಒಬ್ಬರು ಡಬ್ಬಿ ಹಿಡಿದು ಇನ್ನೊಬ್ಬರು ಮೊಣಕೈ ಹಿಡಿದು, ಅವರನ್ನು ಮೆಟ್ಟಿಲಿಳಿಸಿ ಕೊಠಡಿಯಲ್ಲಿ ಗೋಡೆಯ ಮುಂದೆ ಕೂರಿಸಿ ಹೋದರು. ಹುರುಳಿಕಾಯಿ ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಹೇಳಲು ಯಾರೂ ಇರಲಿಲ್ಲ.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಹೆಡ್‌ಕ್ಲರ್ಕರ ಷಡ್ಡಕರು ಜನರ ಊಟದ ರೂಢಿಗಳನ್ನು ದಾಖಲಿಸುವ ಸಮೀಕ್ಷೆಯೊಂದರಲ್ಲಿ ಕೆಲಸಕ್ಕಿದ್ದರು. ಯಾರು ಯಾವ ಕೈಯಲ್ಲಿ ಉಣ್ಣುತ್ತಾರೆ, ಮನೆಯಲ್ಲಿ ಮೊದಲು ಯಾರಿಗೆ ಬಡಿಸುತ್ತಾರೆ, ಕೊನೆಗೆ ಯಾರು ಉಣ್ಣುತ್ತಾರೆ ಎಂದು ಊರೂರು ತಿರುಗಿ ಬರೆದುಕೊಳ್ಳುವುದು ಅವರ ಉದ್ಯೋಗ. ಸುದ್ದಿ ಕೇಳಿದ್ದೇ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದರು. ಹೆಡ್‌ಕ್ಲರ್ಕ್ ಅವರನ್ನು ಬರಿಗಾಲಲ್ಲಿ ಕೊಠಡಿಯೊಳಗೆ ಕರೆತಂದರು.

"ನೀವು ಉಣ್ತಾ ಇರಿ. ನಾನು ಇಲ್ಲ ಅಂದ್ಕೊಳಿ" ಎಂದು ಸಮೀಕ್ಷೆಯವರು ಗುಲಗಂಜಿಯವರ ಭುಜದ ಪಕ್ಕದಲ್ಲೇ ಕೂತರು. "ಯಾವ ಗೋಡೆ ಇದು? ಪಶ್ಚಿಮ ಅಲ್ವಾ? ಯಾಕೆ ಪಶ್ಚಿಮ?"

ಉಳಿದ ಮೂರು ಕಡೆ ಕಪಾಟು, ಕಿಟಕಿ, ಬಾಗಿಲು ಇದ್ದವು. ಗುಲಗಂಜಿಯವರು ಹಾಗೆಯೇ ಹೇಳಿದರು.

"ಮೂಲ ಕಾರಣ ಮರೆತುಹೋಗಿದೆ" ಎಂದು ಸಮೀಕ್ಷೆಯವರು ಬರೆದುಕೊಂಡರು. "ಉಪ್ಪಿನ ಪ್ರಮಾಣ?"

"ಅದೇ ಸಾರ್ ನಂಗೂ ಗೊತ್ತಾಗ್ತಿಲ್ಲ."

"ಗುಟ್ಟು. ಹೊರಗಿನವರಿಗೆ ಹೇಳಲ್ಲ." ಅದನ್ನೂ ಬರೆದರು. "ಈಗ ಮುಖ್ಯ ಪ್ರಶ್ನೆ. ಈ ಪದ್ಧತಿ ಪಾಲಿಸೋರು ಈಗ ಎಷ್ಟು ಜನ ಉಳಿದಿದೀರಿ?"

"ನಾನೊಬ್ಬನೇ."

ಆ ಮಧ್ಯಾಹ್ನ ಅವರು ಹೇಳಿದ್ದೆಲ್ಲವೂ ನಿಜವೇ. ಆದರೆ ಇದೊಂದನ್ನೇ ಎಲ್ಲರೂ ನಂಬಿದರು. ಸಮೀಕ್ಷೆಯವರ ಪೆನ್ನು ನಿಂತಿತು. ಹೆಡ್‌ಕ್ಲರ್ಕ್ ತಲೆ ತಗ್ಗಿಸಿದರು.

"ಮಕ್ಕಳು, ಮರಿ?"

"ಇಲ್ಲ."

"ಮನೇಲಿ ಮತ್ಯಾರಾದ್ರೂ?"

"ಇಲ್ಲ ಸಾರ್. ಅಂದ್ರೆ, ಪಕ್ಕದ ಮನೆಯವರು ಒಂದು ಬಟ್ಟಲು ಕೊಡ್ತಿದ್ರು. ಈಗ ಕೊಡಲ್ಲ."

ಸಮೀಕ್ಷೆಯವರು ಇದನ್ನು ಬರೆದುಕೊಳ್ಳಲಿಲ್ಲ. ಅವರ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಿಂದಿನಿಂದ ಒಂದು ಫೋಟೋ ತೆಗೆದು, ಒಬ್ಬರೇ ಪಾಲಿಸುವುದನ್ನು ಪದ್ಧತಿಯೆಂದು ದಾಖಲಿಸಲು ನಿಯಮ ಒಪ್ಪುವುದಿಲ್ಲವೆಂದೂ, ಇನ್ನೊಬ್ಬರಾದರೂ ಸಿಗಬೇಕೆಂದೂ, ಹುಡುಕುತ್ತೇವೆಂದೂ ಹೇಳಿ ಹೋದರು.

ಅವರ ಇಲಾಖೆಯ ಪತ್ರಿಕೆಯಲ್ಲಿ ಅರ್ಧ ಪುಟದ ಬರಹ ಬಂತು. ಗುಲಗಂಜಿಯವರ ಬೆನ್ನು, ಗೋಡೆ, ಮೊಳೆ, ಬಿರುಕು, ಎಲ್ಲವೂ ಸ್ಪಷ್ಟವಾಗಿ ಮೂಡಿದ್ದವು. ಕೆಳಗೆ ಒಂದು ಸಾಲು: "ಇದೇ ಪದ್ಧತಿಯವರು ಬೇರೆ ಯಾರಾದರೂ ಇದ್ದಲ್ಲಿ ದಯವಿಟ್ಟು ಸಂಪರ್ಕಿಸಿ." ಹೆಡ್‌ಕ್ಲರ್ಕ್ ಅದನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದರು. ಮೂರು ತಿಂಗಳು ಯಾರೂ ಸಂಪರ್ಕಿಸಲಿಲ್ಲ. ಸಂಪರ್ಕಿಸಲು ಯಾರೂ ಇಲ್ಲವೆಂದು ಗೊತ್ತಿದ್ದವರು ಗುಲಗಂಜಿಯವರೊಬ್ಬರೇ. ಆದರೂ ಟಪಾಲು ಬಂದಾಗಲೆಲ್ಲ ಅವರು ಒಮ್ಮೆ ತಲೆಯೆತ್ತಿ ನೋಡುತ್ತಿದ್ದರು.

ನಾಲ್ಕನೆಯ ತಿಂಗಳಲ್ಲಿ, ಒಂದು ಗಂಟೆ ದಾಟಿ ಎರಡು ನಿಮಿಷವಾದಾಗ, ರದ್ದಿ ಅಂಗಡಿಯವರೊಬ್ಬರು ತಕ್ಕಡಿಯನ್ನೂ ಊಟದ ಡಬ್ಬಿಯನ್ನೂ ಹೊತ್ತು ಬಂದರು. ಐವತ್ತು ದಾಟಿದ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ ಮನುಷ್ಯ. ಅಟೆಂಡರ್ ಬಾಯಿಗೆ ಬೆರಳಿಟ್ಟರು.

"ಈಗಾಗಲ್ಲ. ಒಳಗೆ ಊಟ."

"ಗೊತ್ತು ಸಾರ್." ರದ್ದಿಯವರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಅದೇ ಪತ್ರಿಕೆಯ ಅದೇ ಅರ್ಧ ಪುಟ. ಇಲಾಖೆಯವರು ಉಳಿದ ಪ್ರತಿಗಳನ್ನೆಲ್ಲ ಮೂಟೆ ಕಟ್ಟಿ ಅವರ ಅಂಗಡಿಗೇ ತೂಕಕ್ಕೆ ಹಾಕಿದ್ದರು. "ನಾನೂ ಇದೇ ಪದ್ಧತಿಯವನು."

ಅಟೆಂಡರ್ ಓಡಿದ ರಭಸಕ್ಕೆ ಮೆಟ್ಟಿಲ ಮೇಲೆ ಒಂದು ಚಪ್ಪಲಿ ಉಳಿಯಿತು. ಮಹಡಿಯಿಂದ ಕಚೇರಿಗೆ ಕಚೇರಿಯೇ ಎಂಜಲು ಕೈಯಲ್ಲಿ ಇಳಿದು ಬಂತು. ಹೆಡ್‌ಕ್ಲರ್ಕ್ ಏದುಸಿರು ಬಿಡುತ್ತ ಕೇಳಿದರು:

"ನಿಮ್ಮಲ್ಲೂ ಗೋಡೆನಾ?"

"ಗೋಡೆನೇ."

"ಮಾತಿಲ್ಲ?"

"ಯಾರ ಜೊತೆ ಆಡೋದು ಸಾರ್."

"ಉಪ್ಪು?"

ರದ್ದಿಯವರು ತಡವರಿಸಿದರು. "ಅದರಲ್ಲಿ ನಮ್ಮ ಕಡೆ ಸ್ವಲ್ಪ ಹೆಚ್ಚುಕಮ್ಮಿ ಇದೆ."

"ಶಾಖಾಭೇದ" ಎಂದು ಹೆಡ್‌ಕ್ಲರ್ಕ್ ಉಳಿದವರಿಗೆ ವಿವರಿಸಿದರು. "ಇರಬೇಕಾದ್ದೇ." ಸ್ವತಃ ಒಂದು ಸ್ಟೂಲು ಹೊತ್ತು ಒಳಗಿಟ್ಟು, ಇಬ್ಬರನ್ನೂ ಕಣ್ತುಂಬ ನೋಡಿ, ಬಾಗಿಲೆಳೆದುಕೊಂಡರು.

ಕೊಠಡಿಯಲ್ಲಿ ಇಬ್ಬರೂ ಪಶ್ಚಿಮದ ಗೋಡೆಯ ಮುಂದೆ ಕೂತರು. ಈ ಮನುಷ್ಯ ಹಸೀ ಸುಳ್ಳು ಹೇಳುತ್ತಿದ್ದಾನೆಂದು ಗುಲಗಂಜಿಯವರಿಗೆ ಗೊತ್ತಿತ್ತು. ಅಷ್ಟು ಖಚಿತವಾಗಿ ಗೊತ್ತಿರಲು ಸಾಧ್ಯವಿದ್ದದ್ದು ಲೋಕದಲ್ಲಿ ಅವರೊಬ್ಬರಿಗೇ. ಅದನ್ನು ಬಾಯಿಬಿಟ್ಟು ಹೇಳುವಂತೆ ಮಾತ್ರ ಇರಲಿಲ್ಲ. ಬಾಗಿಲ ಆಚೆ ಹತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು.

"ನಿಮ್ಮಲ್ಲಿ ಯಾರು ಹೋದದ್ದು?" ಎಂದು ಗುಲಗಂಜಿಯವರು ಗೋಡೆಗೆ ಕೇಳುವಂತೆ, ತೀರಾ ಮೆಲ್ಲಗೆ ಕೇಳಿದರು.

"ಮನೆಯವಳು." ರದ್ದಿಯವರೂ ಗೋಡೆಗೇ ಹೇಳಿದರು. "ಹೋದ ವರ್ಷ. ಅಂಗಡೀಲಿ ಪೇಪರ್ ಮೂಟೆ ಮಧ್ಯ ಕೂತು ಉಣ್ತೀನಿ. ಮೂಟೆ ಗೋಡೆ ಹಾಗೇ ಇರುತ್ತೆ. ಆ ಫೋಟೋ ನೋಡಿದೆ. ಬೆನ್ನು ನಂದೇ ಅನ್ನಿಸ್ತು."

ಮುಚ್ಚಳಗಳು ತೆರೆದವು. ಗುಲಗಂಜಿಯವರ ಮೂಗಿಗೆ ಪರಿಚಯದ ವಾಸನೆ ಬಡಿಯಿತು. ಪದ್ಧತಿಯ ಪ್ರಕಾರ ತಿರುಗಿ ನೋಡಬಾರದು. ಆದರೆ ಪದ್ಧತಿ ಅವರದೇ ಆಗಿದ್ದುದರಿಂದ ನೋಡಿದರು. ಅಡಿಯಲ್ಲಿ ಕಪ್ಪು, ನಡುವೆ ಅಂಟು, ಮೇಲೆ ಅಕ್ಕಿ.

"ತಳ ಹಿಡಿದಿದೆ" ಎಂದರು.

"ದಿನಾ ಹಿಡಿಯುತ್ತೆ."

"ನೀರು ಕುದಿಯೋಕೆ ಮೊದಲೇ ಅಕ್ಕಿ ಹಾಕ್ತಿದೀರಾ? ಉರಿ ಜಾಸ್ತಿ ಇಟ್ಟು ಅಂಗಡಿ ಬಾಗಿಲು ತೆಗೆಯೋಕೆ ಹೋಗ್ತೀರಾ?"

"ನಿಮಗೆ ಹೇಗೆ ಗೊತ್ತು?"

ಗುಲಗಂಜಿಯವರು ತಮ್ಮ ಡಬ್ಬಿಯ ಅರ್ಧ ಅನ್ನವನ್ನು, ಎರಡು ಚಮಚ ಪಲ್ಯವನ್ನು ಅವರ ಮುಚ್ಚಳಕ್ಕೆ ಹಾಕಿದರು. ರದ್ದಿಯವರು ಕಲಸಿ ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು.

"ಬೇಜಾರು ಮಾಡ್ಕೋಬೇಡಿ. ಇದಕ್ಕೆ ಉಪ್ಪು ಎರಡು ಸಲ ಬಿದ್ದಿದೆ."

"ಒಂದೇ ಸಲ. ತೂಗಿ ಹಾಕಿದ್ದು."

"ಹಾಗಾದ್ರೆ ನಿಮ್ಮ ತಕ್ಕಡಿ ಸರಿಯಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಆ ಕೊಠಡಿಯೊಳಗೆ ಆ ಮಾತನ್ನು ಯಾರೂ ಆಡಿರಲಿಲ್ಲ. ಗುಲಗಂಜಿಯವರು ಅವರನ್ನು ದಿಟ್ಟಿಸಿ ನೋಡಿದರು. ಆಮೇಲೆ ಎಲ್ಲೋ ಆಳದಲ್ಲಿ ಏನೋ ಸಡಿಲವಾದಂತೆ, ಗೊಳ್ಳೆಂದು ನಕ್ಕುಬಿಟ್ಟರು. ರದ್ದಿಯವರಿಗೆ ನಗುತ್ತ ನಗುತ್ತ ಅನ್ನ ನೆತ್ತಿಗೇರಿತು. ಗುಲಗಂಜಿಯವರು ಅವರ ತಲೆ ತಟ್ಟಿ ನೀರು ಕೊಟ್ಟರು.

ಬಾಗಿಲ ಆಚೆ ಟೈಪಿಸ್ಟ್ ಮೇಡಂ ಗಾಬರಿಯಿಂದ, "ನಗ್ತಿದಾರೆ" ಎಂದರು.

ಹೆಡ್‌ಕ್ಲರ್ಕ್ ಒಂದು ಕ್ಷಣ ಯೋಚಿಸಿದರು. "ಇಬ್ಬರು ಸೇರಿದಾಗ ಹಾಗೆ ಮಾಡಬೇಕೇನೋ. ಇಷ್ಟು ದಿನ ಒಬ್ಬರೇ ಇದ್ರಲ್ಲ, ನಮಗೆ ಗೊತ್ತಾಗಲಿಲ್ಲ." ಸಮೀಕ್ಷೆಯವರಿಗೆ ತಿಳಿಸಬೇಕೆಂದು ಕೈಯ ಮೇಲೆ ಗುರುತು ಮಾಡಿಕೊಂಡರು.

ಒಂದೂವರೆಗೆ ಊಟ ಮುಗಿಯಿತು. ಡಬ್ಬಿಗಳನ್ನು ತೊಳೆದಿಟ್ಟರು. ಗುಲಗಂಜಿಯವರು ಕೈ ಒರೆಸಿಕೊಂಡು, ಮೇಜಿನ ಹಿಂದೆ ಕೂತು, ಮತ್ತೆ ಕಚೇರಿಯವರಾದರು. ರದ್ದಿಯವರು ತಕ್ಕಡಿಯನ್ನೂ ಬಟ್ಟುಗಳನ್ನೂ ಮುಂದಿಟ್ಟರು.

"ನಮ್ಮ ಹಳೇದು ಅಂಗಡೀಲಿದೆ, ಅದರಲ್ಲಿ ವ್ಯಾಪಾರ ನಡೆಯುತ್ತೆ. ಇದು ಹೊಸದು. ಮುದ್ರೆ ಹಾಕಿಸ್ಕೊಂಡ್ರೆ ಇನ್ನು ಬರೋ ವರ್ಷ ತರೋದು ತಾನೇ ಸಾರ್?"

"ಬರೋ ವರ್ಷ" ಎಂದರು ಗುಲಗಂಜಿಯವರು.

ಅಟೆಂಡರ್ ಸುತ್ತಿಗೆ ಹಿಡಿದು ಬಂದು ನಿಂತರು. ಗುಲಗಂಜಿಯವರು ಪೆಟ್ಟಿಗೆಯಿಂದ ಹಿತ್ತಾಳೆ ಬಟ್ಟನ್ನು ಚಿಮಟದಲ್ಲಿ ಎತ್ತಿ ಆ ತಕ್ಕಡಿಯ ಒಂದು ತಟ್ಟೆಗಿಟ್ಟರು. ಅಂಗಡಿಯ ಬಟ್ಟನ್ನು ಇನ್ನೊಂದು ತಟ್ಟೆಗಿಟ್ಟರು. ತಟ್ಟೆಗಳು ಒಂದೆರಡು ಸಲ ಏರಿ ಇಳಿದು ನಿಂತವು. ಮುಳ್ಳು ನಟ್ಟನಡುವೆ, ಕೂದಲೆಳೆಯಷ್ಟೂ ಅತ್ತಿತ್ತ ವಾಲದೆ, ನೆಟ್ಟಗೆ ನಿಂತಿತ್ತು.

ಗುಲಗಂಜಿಯವರು ಬಹಳ ಹೊತ್ತು ಅದನ್ನು ನೋಡಿದರು. ರದ್ದಿಯವರೂ ದಾರ ಸುತ್ತಿದ ಕನ್ನಡಕ ಏರಿಸಿಕೊಂಡು, ಬಗ್ಗಿ ನೋಡಿದರು.

"ಸರಿಯಿಲ್ಲ" ಎಂದರು ಗುಲಗಂಜಿಯವರು. "ಇದಕ್ಕೆ ಮುದ್ರೆ ಹಾಕೋಕಾಗಲ್ಲ. ನಾಳೆ ಮತ್ತೆ ತನ್ನಿ. ಒಂದು ಗಂಟೆ ಹೊತ್ತಿಗೆ."

ಅಟೆಂಡರ್ ಸುತ್ತಿಗೆಯನ್ನು ಕೆಳಗಿಳಿಸಿದರು.

ರದ್ದಿಯವರು ಇನ್ನೊಮ್ಮೆ ಮುಳ್ಳಿನ ಕಡೆ ನೋಡಿದರು. ಅದು ಹಾಗೆಯೇ ನಿಂತಿತ್ತು.

"ಹೌದು ಸಾರ್" ಎಂದರು. "ನಂಗೂ ಹಾಗೇ ಕಾಣಿಸ್ತು. ರಿಪೇರಿಗೆ ತುಂಬ ದಿನ ಹಿಡಿಯಬಹುದು."